ಲಕ್ವಕ್ಕೆ ‘ಜೀನ್ ಆಫ್ ಮಾಡುವ’ ಕ್ಯಾಪ್ಸೂಲ್: ಕೋಲಾರದಲ್ಲಿ ಕೊಂಡು ಬಳಸಿದ ಮೇಲೆ

ಐದರಲ್ಲಿ ಒಂದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮನೆಯಲ್ಲಿ ಲಕ್ವ ಹೊಡೆದವರನ್ನು ಇಟ್ಟುಕೊಂಡು, ಏನು ಮಾಡಿದರೆ ಕೈಕಾಲು ಬರುತ್ತದೆ ಅಂತ ಒದ್ದಾಡುತ್ತಿರುವ ಜನ ಇದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ಅವರು ಕೊಳ್ಳುವ ಮುಂಚೆ ಒಮ್ಮೆ ಓದಲಿ.

ಅರವತ್ತು ಕ್ಯಾಪ್ಸೂಲಿನ ಡಬ್ಬಿ. ಬೆಲೆ ಹತ್ತಿರ ಹತ್ತಿರ 2,000 ರೂಪಾಯಿ. ಒಳಗಿರುವುದು ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ಕರಿಮೆಣಸಿನಿಂದ ತೆಗೆದ ಪೈಪರಿನ್, ಜೊತೆಗೆ ಒಂದಿಷ್ಟು ಬ್ರಾಹ್ಮಿ. ದಿನಕ್ಕೆ ಎರಡು, ಊಟ ಆದ ಮೇಲೆ. ಅಂದರೆ ತಿಂಗಳಿಗೆ ಒಂದು ಡಬ್ಬಿ ಖರ್ಚಾಗುತ್ತದೆ, ಮತ್ತೆ ‘ಕನಿಷ್ಠ ಆರು ತಿಂಗಳು ತಗೊಳ್ಳಬೇಕು’ ಅಂತ ಕರಪತ್ರದಲ್ಲಿ ಬರೆದಿದ್ದಾರೆ. ಕಂಪನಿ ಹೆಸರು ನಾನು ಬರೆಯುವುದಿಲ್ಲ. ಇದೇ ಸಾಮಾನು ಬೇರೆ ಬೇರೆ ಲೇಬಲ್ಲಿನಲ್ಲಿ ಬರುತ್ತಿದೆ, ಒಂದರ ಹೆಸರು ಹಾಕಿದರೆ ಉಳಿದವೆಲ್ಲ ಚೆನ್ನಾಗಿವೆ ಅಂದುಕೊಳ್ಳುತ್ತಾರೆ.

ಶ್ರೀನಿವಾಸಪುರದ ಕಡೆ ಮಾವಿನ ತೋಟ ನೋಡಿಕೊಂಡಿದ್ದ ನಮ್ಮ ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಮ್ಮಣ್ಣ, ಅಂದರೆ ಅವರ ಮಗ, ಕೋಲಾರದ ಒಂದು ಅಂಗಡಿಯಿಂದ ಇದನ್ನು ತಂದ. ಅಂಗಡಿಯವರು ಹೇಳಿದ್ದು ಹೀಗಂತೆ: ‘ಇದು ಮಾಮೂಲಿ ಟಾನಿಕ್ ಅಲ್ಲ ಸಾರ್, ಉರಿಯೂತ ಮಾಡೋ ಜೀನನ್ನೇ ಆಫ್ ಮಾಡುತ್ತೆ.’ ಅಣ್ಣ ಕರಪತ್ರ ನನ್ನ ಕೈಗೆ ಕೊಟ್ಟು, ‘ನೀನು ಬಯಾಲಜಿ ಪಾಠ ಮಾಡ್ತೀಯಲ್ಲಮ್ಮ, ಇದು ನಿಜಾನಾ ಹೇಳು’ ಅಂದ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಆ ಪ್ರಶ್ನೆಗೆ ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರಪತ್ರ ಪೂರ್ತಿ ಸುಳ್ಳಲ್ಲ. ಅದೇ ತೊಂದರೆ. ಸ್ಟ್ರೋಕ್ ಆದ ಮೇಲೆ ಮೆದುಳಿಗೆ ಆಗುವ ಹಾನಿಯಲ್ಲಿ ಉರಿಯೂತದ (ಗಾಯವಾದ ಕಡೆ ರೋಗನಿರೋಧಕ ಕೋಶಗಳು ಕೆರಳುವುದರ) ಪಾಲು ದೊಡ್ಡದು ಅನ್ನುವುದು ನಿಜ. ಆ ಉರಿಯೂತ ಶುರುವಾಗುವುದು ಜೀನ್‌ಗಳ, ಅಂದರೆ ಪ್ರೋಟೀನ್ ತಯಾರಿಸಲು ಡಿಎನ್‌ಎಯಲ್ಲಿ ಇರುವ ಸೂಚನೆಗಳ, ಮಟ್ಟದಲ್ಲಿ ಅನ್ನುವುದೂ ನಿಜ. ಈ ಎರಡು ನಿಜಗಳ ಬೆನ್ನ ಮೇಲೆ ‘ಈ ಕ್ಯಾಪ್ಸೂಲ್ ಅದನ್ನು ಆಫ್ ಮಾಡುತ್ತದೆ’ ಅನ್ನುವ ಮೂರನೆಯದನ್ನು ಕೂರಿಸಿ ಮಾರುತ್ತಿದ್ದಾರೆ.

ನಡೆಯುವುದು ಏನು ಅಂದರೆ, ಮೆದುಳಿನ ಒಂದು ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಾಗ (ಬಹುಪಾಲು ಸ್ಟ್ರೋಕ್ ಹೀಗೇ ಆಗುವುದು, ರಕ್ತನಾಳ ಒಡೆದು ಆಗುವಂಥದ್ದು ಬೇರೆ) ಅದರಿಂದ ರಕ್ತ ಹೋಗುತ್ತಿದ್ದ ಭಾಗಕ್ಕೆ ಆಮ್ಲಜನಕವೂ ಇಲ್ಲ, ಸಕ್ಕರೆಯೂ ಇಲ್ಲ. ನಡುಭಾಗದ ಕೋಶಗಳು ನಿಮಿಷಗಳಲ್ಲೇ ಸಾಯುತ್ತವೆ. ದೊಡ್ಡ ನಾಳ ಮುಚ್ಚಿ, ಚಿಕಿತ್ಸೆ ಸಿಗದೇ ಹೋದರೆ, ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಹೋಗುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಆದರೆ ಸುತ್ತಲಿನ ಭಾಗ ತಕ್ಷಣ ಸಾಯುವುದಿಲ್ಲ. ಅಕ್ಕಪಕ್ಕದ ನಾಳಗಳಿಂದ ಬರುವ ಅಷ್ಟಿಷ್ಟು ರಕ್ತದಲ್ಲಿ ಕೆಲಸ ನಿಲ್ಲಿಸಿ, ಜೀವ ಹಿಡಿದುಕೊಂಡಿರುತ್ತದೆ. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ನಡೆಯುವ ಹೋರಾಟವೆಲ್ಲ ಈ ಭಾಗದ ಮೇಲೇ. ಕೈ ಎತ್ತಲು ಆಗುತ್ತದಾ, ಮಾತು ಬರುತ್ತದಾ ಅನ್ನುವುದು ಬಹಳ ಮಟ್ಟಿಗೆ ಇಲ್ಲೇ ತೀರ್ಮಾನ ಆಗುತ್ತದೆ.

ಸಾಯುವ ಕೋಶ ಸುಮ್ನೆ ಸಾಯುವುದಿಲ್ಲ. ಒಳಗಿದ್ದ ವಸ್ತುಗಳನ್ನೆಲ್ಲ ಹೊರಗೆ ಚೆಲ್ಲುತ್ತದೆ. ಎಚ್‌ಎಂಜಿಬಿ-1 ಅಂತ ಒಂದು ಪ್ರೋಟೀನ್ ಇದೆ. ಕೋಶ ಚೆನ್ನಾಗಿರುವ ತನಕ ಅದು ಕೋಶಕೇಂದ್ರದೊಳಗೆ ಡಿಎನ್‌ಎ ಪಕ್ಕದಲ್ಲಿ ಇರುತ್ತದೆ. ಕೋಶ ಒಡೆದರೆ ಹೊರಗೆ ಬರುತ್ತದೆ. ಮೆದುಳಿನಲ್ಲೇ ನೆಲೆಸಿರುವ ರೋಗನಿರೋಧಕ ಕೋಶಗಳು, ಅವನ್ನು ಮೈಕ್ರೋಗ್ಲಿಯಾ ಅನ್ನುತ್ತಾರೆ, ತಮ್ಮ ಮೈ ಮೇಲಿನ ಟಿಎಲ್‌ಆರ್-4 ಅನ್ನುವ ಗ್ರಾಹಕದಿಂದ (ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನು) ಇದನ್ನು ಹಿಡಿಯುತ್ತವೆ. ಅಲ್ಲಿಂದ ಸುದ್ದಿ ಒಳಗೆ ಹೋಗುತ್ತದೆ.

ಈಗ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರುವ ‘ಎನ್‌ಎಫ್ ಕಪ್ಪಾ ಬಿ ಜೀನ್’ ವಿಷಯಕ್ಕೆ ಬರೋಣ. ಮೊದಲ ತಪ್ಪು ಇಲ್ಲೇ ಇದೆ. ಎನ್‌ಎಫ್ ಕಪ್ಪಾ ಬಿ ಅನ್ನುವುದು ಪ್ರೋಟೀನು, ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನು. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಬಿ ಕೋಶಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಕಂಡುಹಿಡಿದರು. ಮಾಮೂಲಿ ಹೊತ್ತಿನಲ್ಲಿ ಐಕಪ್ಪಾಬಿ ಅನ್ನುವ ಇನ್ನೊಂದು ಪ್ರೋಟೀನು ಇದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಅಪಾಯದ ಸುದ್ದಿ ಬಂದಾಗ ಐಕೆಕೆ ಅನ್ನುವ ಕಿಣ್ವ ಆ ಐಕಪ್ಪಾಬಿಗೆ ಫಾಸ್ಫೇಟ್ ಅಂಟಿಸುತ್ತದೆ, ಕೋಶ ಅದನ್ನು ಚೂರು ಮಾಡಿ ಹಾಕುತ್ತದೆ, ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ಕೇಂದ್ರದೊಳಗೆ ಹೋಗಿ ಡಿಎನ್‌ಎ ಮೇಲೆ ತನಗೆ ಬೇಕಾದ ಜಾಗ ಹುಡುಕಿ ಕೂರುತ್ತದೆ. ಅಲ್ಲಿಂದ ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6, ಐಕ್ಯಾಮ್-1, ಎಂಎಂಪಿ-9 ಹೀಗೆ ಉರಿಯೂತ ಹೆಚ್ಚಿಸುವ ಒಂದು ದಂಡು ಜೀನ್‌ಗಳು ಕೆಲಸ ಶುರು ಮಾಡುತ್ತವೆ.

ಇವುಗಳಲ್ಲಿ ಎಂಎಂಪಿ-9 ಮಾಡುವ ಕೆಲಸ ನೋಡಿ. ರಕ್ತನಾಳಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇರುತ್ತದೆ. ಎಂಎಂಪಿ-9 ಆ ತಡೆಯ ಜೋಡಣೆಗಳನ್ನೇ ಕತ್ತರಿಸುತ್ತದೆ. ನೀರು ಒಳಗೆ ಜಿನುಗಿ ಮೆದುಳು ಊದಿಕೊಳ್ಳುತ್ತದೆ. ದೊಡ್ಡ ಸ್ಟ್ರೋಕ್ ಆದವರಿಗೆ ಎರಡರಿಂದ ಐದನೇ ದಿನದೊಳಗೆ ಈ ಊತ ಜಾಸ್ತಿ ಆಗುವುದು, ‘ಮೊದಲ ದಿನ ಮಾತಾಡಿದರು, ಆಮೇಲೆ ಮಂಪರಾದರು’ ಅಂತ ವಾರ್ಡಿನಲ್ಲಿ ಮನೆಯವರು ಗಾಬರಿಯಾಗುವುದು ಎಷ್ಟೋ ಸಲ ಇದರಿಂದಲೇ. ಐಕ್ಯಾಮ್-1 ರಕ್ತನಾಳದ ಒಳಗೋಡೆಯ ಮೇಲೆ ಬಂದು, ಹೋಗುತ್ತಿರುವ ಬಿಳಿ ರಕ್ತಕಣಗಳನ್ನು ಅಂಟಿಸಿಕೊಳ್ಳುತ್ತದೆ. ಅವು ಒಳಗೆ ನುಗ್ಗಿ ಇನ್ನಷ್ಟು ಹಾನಿ ಮಾಡುತ್ತವೆ. ಇಲಿಗಳಲ್ಲಿ ಎನ್‌ಎಫ್ ಕಪ್ಪಾ ಬಿಯ ಪಿ-50 ಅನ್ನುವ ಭಾಗವನ್ನೇ ಇಲ್ಲದಂತೆ ಮಾಡಿದಾಗ ಸ್ಟ್ರೋಕಿನ ಗಾಯ ಚಿಕ್ಕದಾಯಿತು ಅಂತ 1999ರಲ್ಲೇ ತೋರಿಸಿದ್ದಾರೆ. ಹಾಗಾಗಿ ‘ಇದನ್ನು ತಡೆದರೆ ಆಯ್ತಲ್ಲ’ ಅಂತ ಯಾರಿಗಾದರೂ ಅನ್ನಿಸುವುದು ಸಹಜ.

ವಿಜ್ಞಾನಿಗಳಿಗೂ ಹಾಗೇ ಅನ್ನಿಸಿತು. ಮನುಷ್ಯರಲ್ಲಿ ಪ್ರಯತ್ನ ಮಾಡಿದರು. ಐಕ್ಯಾಮ್-1 ತಡೆಯುವ ಎನ್‌ಲಿಮೊಮ್ಯಾಬ್ ಅನ್ನುವ ಔಷಧಿಯನ್ನು 625 ಜನರ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ 2001ರಲ್ಲಿ ಬಂತು. ಔಷಧಿ ತಗೊಂಡವರ ಸ್ಥಿತಿ ತಗೊಳ್ಳದವರಿಗಿಂತ ಕೆಟ್ಟದಾಗಿತ್ತು. ಜ್ವರ ಜಾಸ್ತಿ, ಸೋಂಕು ಜಾಸ್ತಿ, ಸಾವೂ ಜಾಸ್ತಿ. ಬಿಳಿ ರಕ್ತಕಣಗಳು ಮೆದುಳಿಗೆ ನುಗ್ಗದಂತೆ ಮಾಡುವ ನಟಾಲಿಜುಮ್ಯಾಬ್ ಅನ್ನೂ ನೋಡಿದರು. 2017ರಲ್ಲಿ ಬಂದ ವರದಿಯಲ್ಲಿ ಗಾಯದ ಬೆಳವಣಿಗೆ ಕಮ್ಮಿಯಾಗಿರಲಿಲ್ಲ, ಅದರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲೂ ರೋಗಿಗಳಿಗೆ ಲಾಭ ಕಾಣಲಿಲ್ಲ. ಇವು ರಕ್ತಕ್ಕೆ ನೇರ ಹಾಕುವ, ಗುರಿ ಇಟ್ಟು ತಯಾರಿಸಿದ, ಆಸ್ಪತ್ರೆಯಲ್ಲಿ ಗಂಟೆ ಲೆಕ್ಕದಲ್ಲಿ ಕೊಟ್ಟ ಔಷಧಿಗಳು. ಇವೇ ಸೋತ ಕಡೆ, ಸ್ಟ್ರೋಕ್ ಆಗಿ ವಾರಗಳಾದ ಮೇಲೆ ಊಟದ ಜೊತೆ ನುಂಗುವ ಕ್ಯಾಪ್ಸೂಲ್ ಗೆಲ್ಲುತ್ತದೆ ಅಂತ ಹೇಳಬೇಕಾದರೆ ಎಷ್ಟು ಗಟ್ಟಿ ಸಾಕ್ಷಿ ಬೇಕು ಅಲ್ವಾ? ಕರಪತ್ರದಲ್ಲಿ ಒಂದೂ ಇಲ್ಲ.

ಯಾಕೆ ಸೋತವು ಅನ್ನುವುದು ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ‘ಆನ್, ಆಫ್’ ಅನ್ನುವ ಮಾತೇ ಇಲ್ಲಿ ಸರಿಹೊಂದುವುದಿಲ್ಲ. ನಮ್ಮ ಕೆರೆಗಳ ತೂಬು ಇದೆಯಲ್ಲ, ಯಾವ ಹೊತ್ತಿಗೆ ಎತ್ತಬೇಕು, ಎಷ್ಟು ಎತ್ತಬೇಕು, ನೀರು ಯಾವ ಗದ್ದೆಗೆ ಹೋಗುತ್ತಿದೆ ಅನ್ನುವುದರ ಮೇಲೆ ಬೆಳೆ ಉಳಿಯುವುದೋ ಕೊಳೆಯುವುದೋ ಗೊತ್ತಾಗುತ್ತದೆ. ಜೀನ್‌ಗಳ ನಿಯಂತ್ರಣವೂ ಹಾಗೇ. ಮೊದಲ ದಿನ ತಡೆಗೋಡೆ ಕತ್ತರಿಸಿ ಹಾನಿ ಮಾಡಿದ ಅದೇ ಎಂಎಂಪಿ-9, ಒಂದು ವಾರ ಕಳೆದ ಮೇಲೆ ಹೊಸ ರಕ್ತನಾಳ ಬೆಳೆಯಲು ಜಾಗ ಮಾಡಿಕೊಡುತ್ತದೆ. ಇಲಿಗಳಲ್ಲಿ ಈ ಗುಂಪಿನ ಕಿಣ್ವಗಳನ್ನು ಏಳನೇ ದಿನ ತಡೆದಾಗ ಚೇತರಿಕೆ ಹಾಳಾಯಿತು ಅಂತ 2006ರಲ್ಲಿ ಪ್ರಕಟವಾಗಿದೆ. ಮೈಕ್ರೋಗ್ಲಿಯಾವನ್ನು ಪೂರ್ತಿ ತೆಗೆದುಹಾಕಿದ ಇಲಿಗಳಲ್ಲಿ ಸ್ಟ್ರೋಕಿನ ಗಾಯ ಇನ್ನೂ ದೊಡ್ಡದಾಯಿತು. ಸತ್ತ ಕೋಶಗಳ ಕಸ ತೆಗೆಯುವವೂ ಅವೇ ತಾನೆ. ಆಮ್ಲಜನಕ ಕಮ್ಮಿಯಾದಾಗ ಏಳುವ ಎಚ್‌ಐಎಫ್-1 ಅನ್ನುವ ಪ್ರೋಟೀನು ಕೂಡ ಇದೇ ಥರ. ಅದು ಚಾಲೂ ಮಾಡುವ ವಿಇಜಿಎಫ್ ಜೀನು ಮೊದಲು ನಾಳಗಳನ್ನು ಸೋರುವಂತೆ ಮಾಡುತ್ತದೆ, ಆಮೇಲೆ ಹೊಸ ನಾಳ ಕಟ್ಟಿಸುತ್ತದೆ. ದೇಹ ಆಮ್ಲಜನಕವನ್ನು ಹೀಗೆ ಅಳೆಯುವ ಬಗೆಯನ್ನು ಬಿಡಿಸಿದ್ದಕ್ಕೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು.

ಇನ್ನೊಂದು ಪದರ ಇದೆ. ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಿದ್ದ ಕಡೆಯ ಜೀನನ್ನು ಓದಲು ಸುಲಭ, ಬಿಗಿಯಿದ್ದ ಕಡೆ ಕಷ್ಟ. ಸ್ಟ್ರೋಕ್ ಆದಾಗ ಈ ಬಿಗಿ, ಸಡಿಲವೇ ಬದಲಾಗುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ವಾಲ್ಪ್ರೋಯೇಟ್ ಈ ಜಾಗದಲ್ಲಿ ಕೆಲಸ ಮಾಡುತ್ತದೆ, ಇಲಿಗಳ ಸ್ಟ್ರೋಕಿನಲ್ಲಿ ಗಾಯ ಕಮ್ಮಿ ಮಾಡಿದೆ. ಆಮೇಲೆ ಮೈಕ್ರೋ ಆರ್‌ಎನ್‌ಎಗಳು. ಬರೀ 22ರ ಆಸುಪಾಸು ಅಕ್ಷರಗಳ ತುಣುಕುಗಳು, ಜೀನ್ ಕಳಿಸಿದ ಸಂದೇಶವನ್ನು ದಾರಿಯಲ್ಲೇ ತಡೆಯುತ್ತವೆ. ಇವುಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಮಿರ್-124 ಅನ್ನುವ ಮೈಕ್ರೋ ಆರ್‌ಎನ್‌ಎ ಮೈಕ್ರೋಗ್ಲಿಯಾವನ್ನು ಶಾಂತವಾಗಿ ಇಡುತ್ತದೆ, ಮಿರ್-155 ಕೆರಳಿಸುತ್ತದೆ. ಇಲಿಗಳಲ್ಲಿ ಸ್ಟ್ರೋಕ್ ಆದ ಮೇಲೆ ಮಿರ್-155 ತಡೆದು ಚೇತರಿಕೆ ಉತ್ತಮವಾಗಿದ್ದನ್ನು ನೋಡಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನಗೇ ಖುಷಿಯಾಗುತ್ತದೆ, ಮುಂದೆ ಯಾವತ್ತೋ ಒಂದು ದಿನ ಇದರಿಂದ ಸರಿಯಾದ ಔಷಧಿ ಬರಬಹುದು ಅಂತ ನಾನು ಮನಸಾರೆ ನಂಬುತ್ತೇನೆ. ಅದಕ್ಕೇ ಈ ಡಬ್ಬಿ ನೋಡಿದರೆ ಸಿಟ್ಟು ಬರುವುದು. ಇನ್ನೂ ಇಲಿಗಳ ಹಂತದಲ್ಲಿ ಇರುವ ಕೆಲಸವನ್ನು ಮುಗಿದೇ ಹೋಗಿದೆ ಅನ್ನುವಂತೆ ಹೇಳಿ ಮಾರುತ್ತಿದ್ದಾರೆ.

ಕರ್ಕ್ಯುಮಿನ್ ವಿಷಯ ಬೇರೆ ಹೇಳಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿದರೆ ಅದು ಎನ್‌ಎಫ್ ಕಪ್ಪಾ ಬಿಯನ್ನು ತಡೆಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬಾಯಿಗೆ ಹಾಕಿಕೊಂಡರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ತೀರಾ ಕಮ್ಮಿ, ಸೇರಿದ್ದನ್ನೂ ಪಿತ್ತಜನಕಾಂಗ ಬೇಗ ಬದಲಾಯಿಸಿ ಹೊರಗೆ ಹಾಕುತ್ತದೆ. ಅದಕ್ಕೇ ಪೈಪರಿನ್ ಸೇರಿಸುವುದು. ಈ ಉಪಾಯ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲೇ ನೋಡಿದ್ದು, 1998ರಲ್ಲಿ ಪ್ರಕಟವಾಯಿತು: 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವುದು ಶೇ. 2000ದಷ್ಟು ಹೆಚ್ಚಾಯಿತು. ಕರಪತ್ರದಲ್ಲಿ ಈ 2000 ಅನ್ನುವ ಸಂಖ್ಯೆ ದೊಡ್ಡದಾಗಿ ಹಾಕಿದ್ದಾರೆ. ಏನೂ ಇಲ್ಲದ ಕಡೆ ಇಪ್ಪತ್ತು ಪಟ್ಟು ಆದರೂ ಅದು ಸ್ವಲ್ಪವೇ, ಅದು ರಕ್ತದಲ್ಲಿ, ಮೆದುಳಿನಲ್ಲಿ ಅಲ್ಲ. ಇದನ್ನು ಮಾತ್ರ ಹಾಕಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇದೆ. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಉಳಿಸುವುದಿಲ್ಲ. ಔಷಧಿಗಳನ್ನು ಕರಗಿಸಿ ಹೊರಹಾಕುವ ಕಿಣ್ವಗಳನ್ನೇ ಅದು ನಿಧಾನ ಮಾಡುತ್ತದೆ. ಮೂರ್ಛೆಗೆ ಕೊಡುವ ಫೆನಿಟೋಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ರಕ್ತದಲ್ಲಿ ಜಾಸ್ತಿ ಆಗುವುದನ್ನು ತೋರಿಸಿದ್ದಾರೆ. ಸ್ಟ್ರೋಕ್ ಆದವರು ತಗೊಳ್ಳುವ ಮಾತ್ರೆಗಳೇ ಇಂಥವು ಅಲ್ವಾ. ಜೊತೆಗೆ ಅವರು ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ನೋ ಕ್ಲೋಪಿಡೋಗ್ರೆಲ್ಲೋ ತಗೊಳ್ಳುತ್ತಿರುತ್ತಾರೆ. ಕರ್ಕ್ಯುಮಿನ್ ಕೂಡ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಸ್ವಲ್ಪ ತಡೆಯುತ್ತದೆ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರಬಹುದು ಅಂತ ಡಾಕ್ಟರುಗಳು ಎಚ್ಚರಿಸುವುದು ಇದಕ್ಕೇ. ಹೆಚ್ಚು ಸೇರುವಂತೆ ಮಾಡಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ತೊಂದರೆಯಾದ ವರದಿಗಳೂ ಇವೆ. ಸಾರಿಗೆ ಹಾಕುವ ಅರಿಶಿನದ ಮಾತು ಬೇರೆ, ಅದಕ್ಕೆ ಹೆದರಬೇಡಿ. ನಾನು ಹೇಳುತ್ತಿರುವುದು ಗ್ರಾಂ ಲೆಕ್ಕದ ಸತ್ವದ ಬಗ್ಗೆ.

ದೊಡ್ಡಪ್ಪ ಒಂದು ಡಬ್ಬಿ ಪೂರ್ತಿ ಮಾಡಲಿಲ್ಲ. ಎದೆಯುರಿ ಶುರುವಾಯಿತು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತು. ಕ್ಯಾಪ್ಸೂಲಿನಿಂದಲೇ ಅಂತ ನಾನು ಹೇಳುವುದಿಲ್ಲ, ಅವರು ರಕ್ತ ತೆಳುವಾಗುವ ಮಾತ್ರೆಯಲ್ಲೂ ಇದ್ದರು. ಡಬ್ಬಿಯನ್ನು ನೋಡಿದ ಡಾಕ್ಟರು ಮೊದಲು ಇದನ್ನು ನಿಲ್ಲಿಸಿ ಅಂದರು, ನಿಲ್ಲಿಸಿದೆವು. ಆ ಹೊತ್ತಿಗೆ ಅವರ ಕಾಲಿಗೆ ಸ್ವಲ್ಪ ಬಲ ಬಂದಿತ್ತು. ದೊಡ್ಡಮ್ಮ, ‘ಕ್ಯಾಪ್ಸೂಲ್ ಕೊಟ್ಟ ಮೇಲೇ ಕಣಮ್ಮ ಕಾಲು ಎತ್ತೋಕೆ ಶುರು ಮಾಡಿದ್ದು’ ಅಂತ ಹೇಳುತ್ತಲೇ ಇದ್ದರು.

ಈ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ, ಆನ್‌ಲೈನಿನಲ್ಲಿ ಇದಕ್ಕೆ ಐದು ಸ್ಟಾರ್ ಕೊಟ್ಟವರಲ್ಲಿ ಬಹಳ ಜನ ಇದನ್ನೇ ಬರೆದಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಎಲ್ಲಕ್ಕಿಂತ ವೇಗವಾಗಿ ಆಗುತ್ತದೆ. ಊತ ಇಳಿಯುತ್ತದೆ, ಕೆಲಸ ನಿಲ್ಲಿಸಿದ್ದ ಕೋಶಗಳು ಮತ್ತೆ ಶುರು ಮಾಡುತ್ತವೆ, ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸುತ್ತವೆ. ಜನ ಕ್ಯಾಪ್ಸೂಲ್ ತರುವುದೂ ಅದೇ ಮೂರು ತಿಂಗಳಲ್ಲಿ. ಆ ಹೊತ್ತಿನಲ್ಲಿ ಏನು ಕೊಟ್ಟರೂ ಅದರಿಂದಲೇ ಆಯಿತು ಅನ್ನಿಸುತ್ತದೆ. ರಾಜ್ಯದ ಗಡಿ ದಾಟಿ ಹೋಗಿ ತರುವ ನಾಟಿ ಔಷಧಿಗೂ ಹೆಸರು ಬರುವುದು ಬಹಳ ಸಲ ಹೀಗೇ. ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ನೋಡುವ ಪರೀಕ್ಷೆ ಇಲ್ಲದೆ ಗೊತ್ತಾಗಲು ಬೇರೆ ದಾರಿಯೇ ಇಲ್ಲ.

ಅಂದಹಾಗೆ, ಜೀನ್ ಮಟ್ಟದಲ್ಲಿ ಏನಾದರೂ ಮಾಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಪ್ರಾಣಿಗಳಲ್ಲಿ ನೋಡಿರುವಂತೆ ವ್ಯಾಯಾಮ ಮಾಡಿಸಿದಾಗ ಮೆದುಳಿನಲ್ಲಿ ಬಿಡಿಎನ್‌ಎಫ್ ಜೀನಿನ ಕೆಲಸ ಹೆಚ್ಚಾಗುತ್ತದೆ, ನರಕೋಶಗಳ ಹೊಸ ಸಂಪರ್ಕಕ್ಕೆ ಬೇಕಾದ ಪ್ರೋಟೀನ್ ಅದು. ಡಬ್ಬಿ ನಿಲ್ಲಿಸಿದ ದುಡ್ಡಿನಲ್ಲಿ ಅಣ್ಣ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹತ್ತಿರ ಇನ್ನಷ್ಟು ದಿನ ಮಾಡಿಸಿದ. ಆ ಹುಡುಗಿ ದೊಡ್ಡಪ್ಪನ ಕೈಲಿ ಲೋಟ ಹಿಡಿಸಿ, ಗುಂಡಿ ಹಾಕಿಸಿ, ಹಜಾರದಿಂದ ಬಾಗಿಲ ತನಕ ನಡೆಸಿ, ಮತ್ತೆ ಮತ್ತೆ ಅದನ್ನೇ ಮಾಡಿಸುತ್ತಿದ್ದಳು. ಅದಕ್ಕೆ ನಾನು ಐದು ಸ್ಟಾರ್ ಕೊಡುತ್ತೇನೆ.

ಇನ್ನು ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕಾದ್ದು: ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿದ್ದರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಇಡುವುದು ಅದರ ಭಾಗ. ಸ್ಟ್ರೋಕ್ ಆದವರನ್ನು ಅಲ್ಲಿ ತೋರಿಸಬಹುದು, ಮಾತ್ರೆಗಳ ಬಗ್ಗೆ ಅಲ್ಲೇ ಕೇಳಬಹುದು. ಸ್ಟ್ರೋಕ್ ಈಗ ತಾನೇ ಆಗುತ್ತಿದ್ದರೆ ಅಂಗಡಿಯ ಕಡೆ ನೋಡಲೇಬೇಡಿ. ಬಾಯಿ ಸೊಟ್ಟಗಾಯಿತು, ಕೈ ಜೋಲು ಬಿತ್ತು, ಮಾತು ತೊದಲಿತು ಅಂದರೆ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಿರಬೇಕು. ದೊಡ್ಡ ನಾಳ ಮುಚ್ಚಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವುದನ್ನು ಕೆಲವರಿಗೆ 24 ಗಂಟೆ ತನಕವೂ ಮಾಡುತ್ತಾರೆ. ಉರಿಯೂತದ ಜೀನ್‌ಗಳು ಇಷ್ಟು ಕೆರಳುವುದೇ ಕೋಶಗಳು ಸತ್ತಿದ್ದಕ್ಕೆ, ಹಾಗಾಗಿ ರಕ್ತ ಬೇಗ ಹರಿಸುವುದು ಅದಕ್ಕೂ ಮದ್ದು.

ಲೇಬಲ್ ಬಗ್ಗೆ ಎರಡು ಮಾತು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಇದೆ, ಆಹಾರ ಪೂರಕ ಅಂತ ಮಾರುವಾಗ ಹಾಗೆ ಹಾಕಲೇಬೇಕು. ಕರಪತ್ರದಲ್ಲಿ ಮಾತ್ರ ಲಕ್ವ ವಾಸಿ ಆಗುತ್ತದೆ ಅಂತ ಇದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಲಕ್ವವೂ ಇದೆ, ಅದನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವ ಹಾಗಿಲ್ಲ. ಅಣ್ಣ ಕರಪತ್ರವನ್ನೂ ಬಿಲ್ಲನ್ನೂ ಎತ್ತಿಟ್ಟಿದ್ದಾನೆ, ಜಿಲ್ಲೆಯ ಔಷಧ ನಿಯಂತ್ರಣದ ಕಚೇರಿಗೆ ದೂರು ಕೊಡುತ್ತಿದ್ದೇವೆ. ತೆರೆದ ಡಬ್ಬಿ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ನಿಮ್ಮ ಮನೆಯಲ್ಲಿ ಈಗಾಗಲೇ ಕೊಡುತ್ತಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಡಿಸ್ಚಾರ್ಜ್ ಕಾಗದದ ಜೊತೆ ಈ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮೂರ್ಛೆ ಮಾತ್ರೆ ಅಥವಾ ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ ಅಲ್ಲಿಯ ತನಕ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಹಲ್ಲು ಕೀಳಿಸುವುದಿದ್ದರೂ, ಯಾವುದಾದರೂ ಆಪರೇಷನ್ ಇದ್ದರೂ ಮೊದಲೇ ಇದರ ಹೆಸರು ಹೇಳಿ. ಅವರಾಗಿ ಕೇಳುವುದು ಬರೀ ಮಾತ್ರೆಗಳ ಬಗ್ಗೆ, ‘ಅರಿಶಿನ ತಾನೆ’ ಅಂತ ಮನೆಯವರು ಇದನ್ನು ಹೇಳದೇ ಬಿಟ್ಟುಬಿಡುತ್ತಾರೆ.